ನೀರಲ್ಲಿ ಮಾತ್ರ ಕಣ್ಣು ಬಿಡುವ ಲೆನ್ಸು

“ಮುಟ್ಟಬೇಡಿ ಸಾರ್, ಅಲ್ಲಾಣೆ ಮುಟ್ಟಬೇಡಿ!”

ಕ್ಯಾಮೆರಾ ರಿಪೇರಿಯ ಮುನೀರ್ ಸ್ಟೂಲಿನಿಂದ ಹಾರಿ ಎದ್ದ ರಭಸಕ್ಕೆ ಸ್ಕ್ರೂಗಳ ತಟ್ಟೆ ನೆಲಕ್ಕೆ ಬಿತ್ತು. ಬಕೆಟ್ಟಿನೊಳಗೆ ಇಳಿಯುತ್ತಿದ್ದ ಪತ್ತೇದಾರ ಸುಗತನ ಕೈ ಅರ್ಧದಲ್ಲೇ ನಿಂತಿತು.

ಶಿವಾಜಿನಗರದ ಆ ಗಲ್ಲಿ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು. ಅಂಥದ್ದರಲ್ಲಿ ನಾಲ್ಕು ಜನ, ನಡುವೆ ಒಂದು ನೀಲಿ ಬಕೆಟ್ಟು. ಬಕೆಟ್ಟಿನ ತುಂಬ ನೀರು, ನೀರಿನ ತಳದಲ್ಲಿ ಕಿತ್ತಳೆ ಬಣ್ಣದ ಕ್ಯಾಮೆರಾ.

ಹನ್ನೊಂದು ದಿನದ ಹಿಂದೆ ರಾಮಮೂರ್ತಿ ನಗರದಾಚೆಯ ಕಲ್ಲುಗುಂಡಿಯಲ್ಲಿ ಇದನ್ನು ಕೊರಳಿಗೆ ಹಾಕಿಕೊಂಡೇ ದುರ್ಗೇಶ ಮುಳುಗಿದ್ದ. ಮೇಲೆ ಬಂದದ್ದು ಹೆಣ ಮಾತ್ರ, ಕ್ಯಾಮೆರಾ ತಳದಲ್ಲೇ ಉಳಿದಿತ್ತು. ಕೆಳಗಿನಿಂದ ಜಗ್ಗಿದರೆ ಮೇಲೆಳೆಯಲು ದಂಡೆಯಲ್ಲಿ ಅವನ ಹಗ್ಗ ಹಿಡಿದು ಕೂತಿದ್ದ ಹಂಪಣ್ಣ ನಿದ್ದೆ ಹೋದದ್ದರಿಂದಲೇ ಈ ಸಾವು ಅಂತ ಪೊಲೀಸರು ಅವನನ್ನು ಒಳಗೆ ಹಾಕಿದ್ದರು.

ಬಕೆಟ್ಟು ಹೊತ್ತು ತಂದವಳು ಹಂಪಣ್ಣನ ಹೆಂಡತಿ ಯಂಕಮ್ಮ. ಕೆ.ಆರ್. ಪುರದಿಂದ ಎರಡು ಬಸ್ಸು ಬದಲಿಸಿ, ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು. ಸೀರೆಯ ಮುಂಭಾಗವೆಲ್ಲ ಒದ್ದೆ. ಅಂಗೈಗಳಲ್ಲಿ ಬೊಬ್ಬೆ ಎದ್ದು ಒಡೆದಿದ್ದವು.

“ಮೂರು ದಿನ ಪಾತಾಳಗರಡಿ ಎಸದೀನ್ರಿ,” ಎಂದಳು. “ಬಾವ್ಯಾಗ ಬಿದ್ದ ಕೊಡ ಬರ್ತೈತಿ, ಇದ್ಯಾಕ ಬರಂಗಿಲ್ಲ ಅಂತ ಹಟ ಬಂತು. ನಿನ್ನಿ ಸಂಜಿಮುಂದ ಪಟ್ಟಿ ಕೊಕ್ಕಿಗೆ ಸಿಕ್ತು.”

“ಮತ್ತೆ ನೀರಲ್ಲೇ ಯಾಕಮ್ಮಾ ತಂದ್ರಿ?” ಸುಗತ ಕೇಳಿದ.

“ದುರ್ಗೇಶಣ್ಣಾರು ನಮ್ಮನೆಯವರಿಗೆ ಹೇಳಿಟ್ಟಿದ್ರು. ನೀರು ಹೊಕ್ಕಿದ್ರ ಬಿಸಲಿಗೆ ಒಣಗಿಸಬ್ಯಾಡ, ರೀಲು ಒಂದಕ್ಕೊಂದು ಅಂಟಿಕೋತೈತಿ. ನೀರಾಗ ಇಟ್ಕೊಂಡೇ ಮುನೀರ್ ಸಾಬ್ರ ಹತ್ರ ಒಯ್ಯಿ ಅಂತ.”

ಮುನೀರ್ ಕನ್ನಡಕ ತೆಗೆದು ಒರೆಸಿಕೊಂಡ. “ಕೇಳಿದ್ರಾ ಸಾರ್? ಪೊಲೀಸರಿಗೆ ಕ್ಯಾಮೆರಾ ಹುಡುಕಬೇಕು ಅಂತಲೇ ಅನ್ನಿಸಲಿಲ್ಲ. ಈ ಅಮ್ಮ ಹುಡುಕಿದ್ದೂ ಅಲ್ಲದೆ ಕಾಯ್ದೆ ಪ್ರಕಾರ ತಂದಿದಾಳೆ.”

ಸುಗತನಿಗೆ ಬೆಳಿಗ್ಗೆಯಿಂದ ಒಳಗೇ ಕುದಿಯುತ್ತಿತ್ತು. ಹಿಂದಿನ ದಿನ ಜೈಲಿನಲ್ಲಿ ಹಂಪಣ್ಣನನ್ನು ನೋಡಿ ಬಂದಿದ್ದ. ಕೃಷ್ಣಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದ ಆ ಎತ್ತರದ ಆಳು, ಕಂಬಿಯ ಆಚೆ ಮಡಚಿಟ್ಟ ಚೀಲದ ಹಾಗೆ ಕುಕ್ಕರಿಸಿದ್ದ. “ಕೆಲಸದ ಜಾಗದಾಗಿನ ಫ್ಲಾಸ್ಕಿನಿಂದ ಚಾ ಕುಡದ್ನಿರಿ. ಆಮ್ಯಾಲ ಎಚ್ಚರಾದಾಗ ಹಗ್ಗ ನೆಲದ ಮ್ಯಾಲ ಬಿದ್ದಿತ್ತು. ನನ್ನ ಕೈಯಿಂದನೇ ಹೋದ್ರಿ ನಮ್ಮ ದುರ್ಗೇಶಣ್ಣ,” ಎಂದು ಅದನ್ನೇ ಹತ್ತು ಸಲ ಹೇಳಿದ. ನಾಳೆ ಬೆಳಿಗ್ಗೆ ಹತ್ತಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಳ್ಳುತ್ತಾನಂತೆ. ಒಪ್ಪಿಕೊಂಡರೆ ಮುಗಿಯಿತು, ಮತ್ತೆ ಯಾವ ವಕೀಲ ಬಂದರೂ ಬಿಡಿಸುವುದು ಕಷ್ಟ. ಕೊಂದವರ ಮೇಲೆ ಸಿಟ್ಟು ಬರುವುದು ಸಹಜ. ಸುಗತನಿಗೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು, ಕೊಲ್ಲದ ಮನುಷ್ಯನ ತಲೆಯೊಳಗೆ ನೀನೇ ಕೊಂದೆ ಅಂತ ತುಂಬಿದವರ ಮೇಲೆ.

ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಸೌಂದರ್ಯಾ ಬಿಕ್ಕಿದಳು. ಸತ್ತ ದುರ್ಗೇಶನ ತಂಗಿ. ಸಿ.ವಿ. ರಾಮನ್ ನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಇದ್ದದ್ದು. ಅಣ್ಣನ ಕ್ಯಾಮೆರಾ ಸಿಕ್ಕಿದೆ ಎಂದು ಸುಗತನೇ ಫೋನ್ ಮಾಡಿ ಕರೆಸಿದ್ದ.

“ಊರಾಗ ಬಾವಿಗೆ ಇಳಿಯೋವಾಗ ಅವನ ಹಗ್ಗ ಹಿಡೀತಿದ್ದಾಕಿ ನಾನೇ ಸರ್,” ಎಂದಳು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ. “ಹಗ್ಗ ಜಗ್ಗೋದರ ಮ್ಯಾಲೇ, ನನಗ ಸಿಟ್ಟು ಬಂದೈತೋ ಇಲ್ಲೋ ಅಂತ ತಳದಾಗ ಇದ್ದೇ ಹೇಳ್ತಿದ್ದ. ಕಡೀಗೆ ನೋಡ್ರಿ, ಯಾರ ಕೈಯಾಗೋ ಹಗ್ಗ ಕೊಟ್ಟು ಹೋಗಿಬಿಟ್ಟ.”

ಯಂಕಮ್ಮ ತಲೆ ತಗ್ಗಿಸಿದಳು. ಸೌಂದರ್ಯಾ ಅವಳ ಬೊಬ್ಬೆಯ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. “ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲವ್ವಾ,” ಎಂದಳು.

“ದುರ್ಗೇಶ ನೀರೊಳಗೆ ಬರೆಯೋ ಹಲಗೆ ಒಂದು ಇರ್ತಿತ್ತಲ್ಲ?” ಎಂದು ಸುಗತ ಮುನೀರನನ್ನು ಕೇಳಿದ.

“ಹೌದು ಸಾರ್. ಬಿಳೀ ಪ್ಲಾಸ್ಟಿಕ್ ಹಲಗೆ, ದಾರದಲ್ಲಿ ಪೆನ್ಸಿಲ್. ಗೋಡೆಯ ಯಾವ ಜಾಗ, ಬಿರುಕು ಎಷ್ಟಗಲ, ಎಲ್ಲ ಅದರಲ್ಲಿ ಬರೆದು, ಬಿರುಕಿನ ಪಕ್ಕ ಹಿಡಿದು ಫೋಟೋ ತೆಗೀತಿದ್ದ. ಹಲಗೆ ಇಲ್ಲದೆ ಒಂದು ಫೋಟೋನೂ ತೆಗೀತಿರಲಿಲ್ಲ. ಪೆನ್ಸಿಲ್ ಬರಹ, ನೀರಲ್ಲಿ ಅಳಿಸಲ್ಲ.”

“ಹೆಣದ ಜತೆ ಅದು ಸಿಗಲಿಲ್ಲ. ಸಿಕ್ಕರೆ ಕಡೆಯದಾಗಿ ಏನು ಬರೆದಿದ್ದ ಅಂತ ಗೊತ್ತಾಗುತ್ತೆ. ರೀಲು ಹಾಳಾಗಿದ್ರೆ ಅದೊಂದೇ ಹಂಪಣ್ಣನನ್ನ ಉಳಿಸಬಹುದು.”

ಯಂಕಮ್ಮ ಗಕ್ಕನೆ ತಲೆ ಎತ್ತಿದಳು. “ಬಿಳೀದಾ? ಗ್ವಾಡಿ ಪಕ್ಕ ಕಲ್ಲಬಂಡಿ ಸಂದ್ಯಾಗ ಒಂದು ಬಿಳೀದು ಕಾಣ್ತೈತ್ರಿ. ಗರಡಿಗೆ ನಿಲುಕಲಿಲ್ಲ.”

“ನೀವು ಇಳೀಬೇಡಿ!” ಸುಗತನ ದನಿ ಜೋರಾಯಿತು. “ಸಂಜೆ ನಾನು ಜನ ಕರ್ಕೊಂಡು ಬರ್ತೀನಿ. ಸೌಂದರ್ಯಾ ಅವರೇ, ಇವರನ್ನ ಮನೆಗೆ ಮುಟ್ಟಿಸಿ. ಒಬ್ಬರನ್ನೇ ಬಿಡಬೇಡಿ, ದಯವಿಟ್ಟು.”

“ನಾನಿರ್ತೀನಿ ಸರ್,” ಎಂದಳು ಸೌಂದರ್ಯಾ. ಇಬ್ಬರೂ ಹೆಂಗಸರು ಆಟೋ ಹತ್ತಿದರು.

ಮುನೀರ್ ಬಾಗಿಲಿನ ಪರದೆ ಎಳೆದ. ಕ್ಯಾಮೆರಾವನ್ನು ನೀರಿನಿಂದೆತ್ತಿ, ಟವಲಿನಲ್ಲಿ ಒತ್ತಿ ಒರೆಸಿ, ಮಗುಚಿ ಹಿಡಿದು ಕೂತ. ಒಂದು ಹನಿಯೂ ಒಳಗೆ ಜಾರದ ಹಾಗೆ ಹಿಡಿಯುವುದೇ ಒಂದು ವಿದ್ಯೆ.

“ನಿಕೊನೊಸ್ ಐದು,” ಎಂದ. ಹೆಸರು ಹೇಳುವಾಗ ಅವನ ದನಿಯೇ ಬೇರೆಯಾಯಿತು. “ಇದಕ್ಕೆ ಮುಂಚೆ ನೀರೊಳಗೆ ಫೋಟೋ ತೆಗೀಬೇಕು ಅಂದ್ರೆ, ಮಾಮೂಲಿ ಕ್ಯಾಮೆರಾನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೇನ ಇಬ್ಬರು ಹೊರಬೇಕಿತ್ತು. ಫ್ರಾನ್ಸ್‌ನಲ್ಲಿ ಮುಳುಗೋ ಜನಾನೇ ಸೇರಿ, ಪೆಟ್ಟಿಗೆ ಬೇಡದ ಕ್ಯಾಮೆರಾ ಮಾಡಿದ್ರು. ಕಲಿಪ್ಸೋ ಅಂತ. ಅರವತ್ಮೂರರಲ್ಲಿ ಜಪಾನಿನ ನಿಕಾನ್‌ನೋರು ಅದನ್ನ ತಗೊಂಡು ನಿಕೊನೊಸ್ ಅಂತ ಹೆಸರಿಟ್ಟು ಲೋಕಕ್ಕೆಲ್ಲ ಹಂಚಿದ್ರು. ಆಮೇಲೇನೇ ನಮ್ಮ ದುರ್ಗೇಶನಂಥೋನೂ ಜೇಬಲ್ಲಿಟ್ಕೊಂಡು ನೀರಿಗೆ ಹಾರೋ ಹಾಗಾಗಿದ್ದು. ಹೋದ ವರ್ಷ ಮಾಡೋದೇ ನಿಲ್ಲಿಸಿಬಿಟ್ರು ಸಾರ್. ಎರಡು ಸಾವಿರದ ಒಂದು, ನನ್ನ ಪಾಲಿಗೆ ಕೆಟ್ಟ ವರ್ಷ.”

“ಒಳಗೆ ನೀರು ಹೋಗಿದೆಯಾ?”

“ಬಿಸ್ಮಿಲ್ಲಾ.” ರೀಲನ್ನು ಮೊದಲು ಸುತ್ತಿ ಡಬ್ಬಿಗೆ ಎಳೆದುಕೊಂಡು, ಹಿಂಬಾಗಿಲಿನ ಕೊಂಡಿ ತೆಗೆದ. ಅಂಚಿನ ರಬ್ಬರ್ ಬಳೆ ಮೆತ್ತಗೆ ಹೊಳೆಯಿತು. ಅದರಾಚೆ ಎಲ್ಲ ಒಣಗಿತ್ತು. ಹನ್ನೊಂದು ದಿನ ನಲವತ್ತಡಿ ಆಳದ ಕೆಸರಿನಲ್ಲಿ ಬಿದ್ದಿದ್ದ ಕ್ಯಾಮೆರಾದೊಳಗೆ ಒಂದು ಹನಿ ಬೆವರೂ ಇರಲಿಲ್ಲ.

ಮುನೀರನ ಕಣ್ಣು ತುಂಬಿತು. “ಈ ಬಳೆ ಮೇಲೆ ಒಂದು ಕೂದಲು ಕೂತ್ರೂ ಕ್ಯಾಮೆರಾ ಮುಳುಗುತ್ತೆ. ದುರ್ಗೇಶ ಬಟ್ಟೆ ಮುಟ್ಟಿಸ್ತಿರಲಿಲ್ಲ. ಬಟ್ಟೆಯ ಎಳೆ ಬಿಡುತ್ತೆ ಅಂತ ಬೆರಳಲ್ಲೇ ಗ್ರೀಸ್ ಸವರ್ತಿದ್ದ. ಎಂಥಾ ಕೈ ಸಾರ್ ಅದು! ಮೂರು ಗಂಟೆ ಕೊಡಿ, ರೀಲ್ ತೊಳೀತೀನಿ.”

ಸುಗತ ಜೇಬಿನಿಂದ ಒಂದು ಫೋಟೋ ತೆಗೆದ. ಹಂಪಣ್ಣನನ್ನು ಜೈಲಿಗೆ ತಳ್ಳಿದ ಫೋಟೋದ ಪ್ರತಿ. ದಂಡೆಯ ಮೇಲೆ ಬಾಯಿ ತೆರೆದು ಮಲಗಿದ ಹಂಪಣ್ಣ, ಪಕ್ಕದಲ್ಲಿ ಸುರುಳಿ ಸುತ್ತಿದ ಹಗ್ಗ. ಟವಲಿನ ಅಂಚಿನ ಗೆರೆಗಳನ್ನು ಎಣಿಸಬಹುದು. ದುರ್ಗೇಶನೇ ನೀರಿಗಿಳಿಯುವ ಮುಂಚೆ ಇದೇ ಕ್ಯಾಮೆರಾದಲ್ಲಿ ತೆಗೆದದ್ದು, ತೆಗೆದ ರೀಲನ್ನು ಬ್ಯಾಗಿನಲ್ಲಿಟ್ಟು ಹೊಸ ರೀಲು ಹಾಕಿಕೊಂಡು ಇಳಿದ ಅಂತ ಕಂಟ್ರಾಕ್ಟರ್ ಮುನಿರಾಜಪ್ಪ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ.

ಮುನೀರ್ ಫೋಟೋ ನೋಡಿದ. ಕ್ಯಾಮೆರಾದ ಮೂತಿ ನೋಡಿದ. ಮತ್ತೆ ಫೋಟೋ ನೋಡಿದ.

“ಯಾವ ನನ್ಮಗ ಹೇಳಿದ್ದು ಇದರಲ್ಲಿ ತೆಗೆದದ್ದು ಅಂತ?”

“ಯಾಕೆ?”

“ಇದು ಇಪ್ಪತ್ತೆಂಟು ಎಂಎಂ ಲೆನ್ಸು ಸಾರ್. ಈ ಲೆನ್ಸಿನ ಗಾಜಿಗೆ ನೀರು ತಾಗಿದ್ರೇನೇ ದೃಷ್ಟಿ. ಗಾಳಿಯಲ್ಲಿ ಇದು ಕುರುಡು!”

ಆ ಒಂದು ಮಾತಿಗೆ ಸುಗತನ ಪಿತ್ತ ನೆತ್ತಿಗೇರಿತು. ಲೆನ್ಸನ್ನೂ, ಅದೇ ಜಾತಿಯ ಒಂದು ಹಳೇ ಖಾಲಿ ಬಾಡಿಯನ್ನೂ ಮುನೀರನಿಂದ ಕಿತ್ತುಕೊಳ್ಳುವಂತೆ ಇಸಿದುಕೊಂಡು ಸ್ಕೂಟರ್ ಒದ್ದ.

* * *

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಮುನಿರಾಜಪ್ಪನ ಆಫೀಸು. ‘ಜಲಬಂಧು ಅಂಡರ್‌ವಾಟರ್ ವರ್ಕ್ಸ್’ ಅಂತ ಹಿತ್ತಾಳೆಯ ಬೋರ್ಡು. ಒಳಗೆ ಹೋದರೆ ಎದುರಿಗೇ ಎದೆಮಟ್ಟದ ಮೀನಿನ ತೊಟ್ಟಿ, ಅದರ ತಳದಲ್ಲಿ ಪಿಂಗಾಣಿಯ ಪುಟ್ಟ ಕೋಟೆ. ಮುನಿರಾಜಪ್ಪ ಬಿಳೀ ಸಫಾರಿಯಲ್ಲಿ ಮೀನುಗಳಿಗೆ ಕಾಳು ಹಾಕುತ್ತಿದ್ದ.

ಕಲ್ಲುಗುಂಡಿಯ ನೀರನ್ನು ಹಿಡಿದಿಡುವ ತಡೆಗೋಡೆಯ ಗುತ್ತಿಗೆ ಇವನದೇ. ಆ ಗೋಡೆಯ ಬುಡದಲ್ಲಿ ಹತ್ತೊಂಬತ್ತು ಶೀಟಿನ ಮನೆಗಳ ಸಾಲು. ಯಂಕಮ್ಮನದೂ ಅಲ್ಲೇ. ಗೋಡೆಯ ಬಿರುಕು ಮುಚ್ಚಿದ್ದಾಗಿದೆ ಅಂತ ನೀರೊಳಗಿನ ಫೋಟೋ ತೋರಿಸಬೇಕಿತ್ತು. ಬಿರುಕು ಮುಚ್ಚದೇ ಮುಚ್ಚಿದೆ ಅಂತ ಸುಳ್ಳು ಫೋಟೋ ತೆಗೆಯುವುದಿಲ್ಲ, ಇದ್ದದ್ದನ್ನೇ ತೆಗೆಯುತ್ತೇನೆ ಅಂತ ದುರ್ಗೇಶ ತಿಂಗಳಿಂದ ಜಗಳ ಆಡಿದ್ದ.

“ಬನ್ನಿ ಬನ್ನಿ, ಕೂತ್ಕೊಳಿ. ಕಾಫಿ ತರಿಸ್ಲಾ?”

“ಕಾಫಿ ನೀವೇ ಕುಡೀರಿ. ನಿಮ್ಮ ಕಡೆಯ ಚಾ ಕುಡಿದೋರ ಗತಿ ನೋಡಿದೀನಿ.”

ಮುನಿರಾಜಪ್ಪನ ಕೈಯ ಕಾಳು ಅಷ್ಟೂ ನೀರಿಗೆ ಬಿತ್ತು. “ನಾಲಿಗೆ ಹಿಡಿತದಲ್ಲಿರ್ಲಿ ಮಿಸ್ಟರ್ ಸುಗತ. ಪೊಲೀಸ್ ಕೆಲಸ ಬಿಟ್ಟಿದ್ದು ಇದೇ ಬಾಯಿಂದ ಅಲ್ವಾ ನೀವು?”

“ಹೌದು, ಇದೇ ಬಾಯಿ. ಇದೇ ಬಾಯಲ್ಲಿ ಕೇಳ್ತೀನಿ, ಉತ್ತರ ಹೇಳಿ. ದುರ್ಗೇಶನಿಗೆ ನೀವು ಕೊಟ್ಟಿದ್ದು ಯಾವ ಲೆನ್ಸು?”

“ಕಂಪ್ಲೇಂಟಲ್ಲಿ ಬರೆದುಕೊಟ್ಟಿದೀನಲ್ಲ. ಇಪ್ಪತ್ತೆಂಟು ಎಂಎಂ. ನಮ್ಮಲ್ಲಿದ್ದಿದ್ದು ಅದೊಂದೇ. ಕ್ಯಾಮೆರಾ ಸಮೇತ ನೀರುಪಾಲು.”

“ಈ ಫೋಟೋ ಅದರಲ್ಲೇ ತೆಗೆದದ್ದು?”

“ಇನ್ಯಾವುದರಲ್ಲಿ? ಅವನ ಹತ್ರ ಬೇರೆ ಕ್ಯಾಮೆರಾ ಎಲ್ಲಿತ್ತು?”

“ತನ್ನ ಪ್ರಾಣ ಹಿಡಿದು ಕೂರಬೇಕಾದೋನು ಗೊರಕೆ ಹೊಡೀತಿದ್ರೆ, ಒಂದು ಫೋಟೋ ತಗೊಂಡು ತಣ್ಣಗೆ ನೀರಿಗೆ ಇಳಿದುಬಿಟ್ಟನಾ?”

“ತಮಾಷೆಗೆ ತೆಗೆದಿರ್ತಾನೆ. ಆಮೇಲೆ ಎಬ್ಬಿಸಿರ್ತಾನೆ. ಆ ನಿದ್ದೆಬುರುಕ ಮತ್ತೆ ಮಲಗಿರ್ತಾನೆ. ಈ ಜನ ಹೀಗೇ ಕಣ್ರೀ. ಕೆಲಸ ಕೊಟ್ಟ ತಪ್ಪಿಗೆ ನಾವು ಅನುಭವಿಸಬೇಕು.”

ಈ ಜನ! ಸುಗತ ಹಲ್ಲು ಕಡಿದ. ಈ ಜನ ಕಟ್ಟಿದ ಆಫೀಸಿನಲ್ಲಿ ಕೂತು, ಈ ಜನ ಹೊತ್ತ ಕಲ್ಲಿನ ಮೇಲೆ ಕಾಲಿಟ್ಟು, ಈ ಜನರ ತಲೆಯ ಮೇಲೆ ಬಿರುಕು ಬಿಟ್ಟ ಗೋಡೆ ನಿಲ್ಲಿಸಿದವನು ಆಡುವ ಮಾತು ಇದು.

ಸುಗತ ಚೀಲದಿಂದ ಹಳೇ ಕ್ಯಾಮೆರಾ ತೆಗೆದ. ಮೂತಿಗೆ ಕಲ್ಲುಗುಂಡಿಯಿಂದ ಬಂದ ಲೆನ್ಸು ತಿರುಗಿಸಿ ಕೂರಿಸಿದ. ಹಿಂಬಾಗಿಲು ತೆರೆದು, ರೀಲು ಕೂರುವ ಜಾಗಕ್ಕೆ ಒಂದು ತುಂಡು ಟ್ರೇಸಿಂಗ್ ಪೇಪರ್ ಅಂಟಿಸಿದ. ಮುನೀರ್ ಒಳಗಿನ ಶಟರ್ ಪರದೆ ತೆರೆದೇ ನಿಲ್ಲುವ ಹಾಗೆ ಮಾಡಿ ಕೊಟ್ಟಿದ್ದ. ಲೆನ್ಸು ಏನು ನೋಡುತ್ತದೋ ಅದು ಈ ಕಾಗದದ ಮೇಲೆ ಮೂಡಲೇಬೇಕು.

“ಈ ಲೆನ್ಸು... ಎಲ್ಲಿ ಸಿಕ್ತು?” ಮುನಿರಾಜಪ್ಪನ ದನಿ ಇಳಿಯಿತು.

“ಎಲ್ಲಿ ಕಳೀತೋ ಅಲ್ಲೇ ಸಿಕ್ತು. ನಿಮ್ಮ ದೊಡ್ಡ ಮಿಷಿನ್‌ಗಳಿಗೆ ಸಿಗದೇ ಇದ್ದದ್ದು ಒಂದು ಹೆಂಗಸಿನ ಪಾತಾಳಗರಡಿಗೆ ಸಿಕ್ತು. ಆ ಕುರ್ಚಿಯಲ್ಲಿ ಕೂತ್ಕೊಳಿ. ಅಲ್ಲಾಡಬೇಡಿ.”

ಸುಗತ ಕಿಟಕಿಯ ಪರದೆ ಎಳೆದ. ಮೇಜಿನ ದೀಪವನ್ನು ಮುನಿರಾಜಪ್ಪನ ಮುಖಕ್ಕೆ ತಿರುಗಿಸಿದ. ಲೆನ್ಸನ್ನು ಅವನತ್ತ ಹಿಡಿದು, ದೂರದ ಅಳತೆ ಸರಿಮಾಡಿ, ಬಾಗಿಲಲ್ಲಿ ನಿಂತಿದ್ದ ಗುಮಾಸ್ತನನ್ನು ಕರೆದ. “ಬಂದು ನೋಡಿ. ಏನು ಕಾಣುತ್ತೆ?”

ಗುಮಾಸ್ತ ಬಗ್ಗಿದ. “ಏನೋ... ಮಸಕು ಮಸಕು ಸಾರ್.”

“ಯಜಮಾನರ ಮುಖ ಗುರುತು ಸಿಗುತ್ತಾ?”

“ಮೂಗೇ ಗೊತ್ತಾಗ್ತಿಲ್ಲ ಸಾರ್.”

ಸುಗತ ದಾಪುಗಾಲಿನಲ್ಲಿ ತೊಟ್ಟಿಯ ಹತ್ತಿರ ಹೋದ. ಕ್ಯಾಮೆರಾದ ಮೂತಿ ಕೆಳಗೆ ಮಾಡಿ, ಲೆನ್ಸಿನ ಗಾಜು ಮಾತ್ರ ನೀರಿಗೆ ತಾಗುವ ಹಾಗೆ ಹಿಡಿದ.

ಟ್ರೇಸಿಂಗ್ ಪೇಪರ್ ಮೇಲೆ ಪಿಂಗಾಣಿ ಕೋಟೆ ಕೊರೆದಿಟ್ಟಂತೆ ಮೂಡಿತು. ಕೋಟೆಯ ಕಿಟಕಿಗಳು, ಮರಳಿನ ಕಣ, ಅದರ ಮೇಲೆ ಹಾದು ಹೋದ ಮೀನಿನ ಒಂದೊಂದು ಹುರುಪೆ.

“ಯಪ್ಪಾ!” ಎಂದ ಗುಮಾಸ್ತ.

“ನೋಡಿದ್ರಾ?” ಸುಗತ ಮುನಿರಾಜಪ್ಪನ ಕಡೆ ತಿರುಗಿದ. ಲೆನ್ಸಿನಿಂದ ನೀರು ಸೋರಿ ಕಾರ್ಪೆಟ್ಟಿಗೆ ಇಳಿಯುತ್ತಿತ್ತು. “ನೀರೊಳಗೇ ಬಾಳಬೇಕು ಅಂತ ಆ ಕಂಪನಿಯೋರು ಮಾಡಿದ ಲೆನ್ಸು ಇದು. ಗಾಳಿಯಲ್ಲಿ ಇದಕ್ಕೆ ನಿಮ್ಮ ಮೂಗೂ ಕಾಣಲ್ಲ, ಹಂಪಣ್ಣನ ಟವಲಿನ ಗೆರೆಯೂ ಕಾಣಲ್ಲ. ನೀರಿನ ಕಂಟ್ರಾಕ್ಟರ್ ಅಂತ ಬೋರ್ಡು ಹಾಕಿದೀರಿ, ಸ್ವಂತ ಕ್ಯಾಮೆರಾದ ಗುಣ ಗೊತ್ತಿಲ್ಲ. ಈ ಫೋಟೋ ಬೇರೆ ಕ್ಯಾಮೆರಾದ್ದು. ಅಂದ್ರೆ ಅವತ್ತು ದಂಡೆ ಮೇಲೆ ಮೂರನೆಯವರೊಬ್ಬರು ಇದ್ರು. ಹಂಪಣ್ಣನಿಗೆ ನಿದ್ದೆ ಬರಿಸಿ, ಫೋಟೋ ತೆಗೆದು, ಕೆಳಗಿರೋನು ಸಾಯೋ ತನಕ ಸುಮ್ಮನೆ ನಿಂತಿದ್ರು. ಯಾರದು?”

ಮುನಿರಾಜಪ್ಪನ ಹಣೆಯಲ್ಲಿ ಬೆವರು ಸಾಲುಗಟ್ಟಿತು. “ನನಗೆ ಗೊತ್ತಿಲ್ಲ.”

“ಫೋಟೋ ಕೊಟ್ಟಿದ್ದು ನೀವು!”

“ಕೊಟ್ಟಿದ್ದು ನಾನು. ತೆಗೆದದ್ದು ನಾನಲ್ಲ. ಅವತ್ತು ನಾನು ಕೋಲಾರದಲ್ಲಿದ್ದೆ, ಮದುವೆ ಮನೇಲಿ. ಐನೂರು ಜನ ನೋಡಿದಾರೆ.”

“ಮತ್ತೆ ಇದು ನಿಮ್ಮ ಕೈಗೆ ಹೇಗೆ ಬಂತು?”

ಮುನಿರಾಜಪ್ಪ ಗುಮಾಸ್ತನನ್ನು ಕಣ್ಣಲ್ಲೇ ಹೊರಗೆ ಕಳಿಸಿದ. ಬಾಗಿಲು ಮುಚ್ಚುವವರೆಗೂ ಕಾದ.

“ಅವನ ತಂಗಿ ತಂದುಕೊಟ್ಟಳು. ಸೌಂದರ್ಯಾ. ಅಣ್ಣನ ಬ್ಯಾಗಲ್ಲಿದ್ದ ರೀಲು ಅಂದಳು. ನಾನು ಕೊಡ್ತೀನಿ ಅಂದ ದುಡ್ಡನ್ನ ಅಣ್ಣ ಬೇಡ ಅಂದಿದ್ದಕ್ಕೆ ಅವಳಿಗೆ ಅವನ ಮೇಲೆ ಬೆಂಕಿಯಂಥ ಸಿಟ್ಟಿತ್ತು. ನನ್ನ ಹೆಸರು ಎತ್ತಬೇಡಿ, ಹಂಪಣ್ಣನ ಹೆಂಡತಿ ಮುಖ ನೋಡಕ್ಕಾಗಲ್ಲ, ರೀಲು ನಿಮಗೇ ಸಿಕ್ತು ಅಂತ ಹೇಳಿ ಅಂದಳು. ನನಗೂ ಅದು ಅನುಕೂಲವಾಗಿತ್ತು, ಕೊಟ್ಟೆ. ಅಷ್ಟೇ.”

ಸುಗತನ ಕೈ ತಾನಾಗಿ ಮೇಜಿಗೆ ಬಡಿಯಿತು. ಪೇಪರ್‌ವೇಟ್ ಉರುಳಿ ಕೆಳಗೆ ಬಿತ್ತು.

“ಥೂ! ನಿಮ್ಮ ಜನ್ಮಕ್ಕೆ! ಒಬ್ಬ ಬಡವನ ತಲೆ ಮೇಲೆ ಗೂಬೆ ಕೂರಿಸಿದ್ದು ಸಾಲಲಿಲ್ಲ ಅಂತ, ಈಗ ಅಣ್ಣನ್ನ ಕಳ್ಕೊಂಡ ಹೆಣ್ಣುಮಗಳ ಮೇಲಾ? ಹನ್ನೊಂದು ದಿನದಿಂದ ಅಳ್ತಿದಾಳ್ರೀ ಅವಳು! ಯಂಕಮ್ಮನ ಕೈ ಹಿಡ್ಕೊಂಡು ಸಮಾಧಾನ ಮಾಡ್ತಿದಾಳೆ!”

“ನಂಬೋದು ಬಿಡೋದು ನಿಮಗೆ ಸೇರಿದ್ದು.”

“ಗೋಡೆ ಮುಚ್ಚಿದ್ರಾ ಹೇಳಿ! ಆ ಬಿರುಕು ಮುಚ್ಚಿದ್ರಾ?”

ಮುನಿರಾಜಪ್ಪ ಮೀನಿನ ತೊಟ್ಟಿಯ ಕಡೆ ಮುಖ ತಿರುಗಿಸಿದ. ಅದೇ ಉತ್ತರ. ಸುಗತ ಅರ್ಧ ಗಂಟೆ ನಿಂತು ಕೂಗಾಡಿದ. ಗೋಡೆ, ಹತ್ತೊಂಬತ್ತು ಮನೆ, ಅದರೊಳಗಿನ ಮಕ್ಕಳು, ಎಲ್ಲವನ್ನೂ ಒಂದೊಂದಾಗಿ ಅವನ ಮುಖಕ್ಕೆ ಎಸೆದ. ಹೊರಗೆ ಬಂದು ಸ್ಕೂಟರ್ ಹತ್ತುವಾಗಲೂ ಬೈಯುತ್ತಲೇ ಇದ್ದ. ಇಂಥ ಮನುಷ್ಯನ ಬಾಯಿಂದ ಅಪ್ಪಿತಪ್ಪಿ ಒಂದು ನಿಜ ಹೊರಬಿದ್ದಿರಬಹುದು ಎಂಬ ಯೋಚನೆ ಹಲಸೂರು ಕೆರೆ ದಾಟುವವರೆಗೂ ಅವನ ತಲೆಗೆ ಬರಲಿಲ್ಲ. ಬಂದಾಗಲೂ ಅದನ್ನು ಕೊಡವಿ ಹಾಕಿದ.

* * *

ಮುನೀರ್ ಬಾಗಿಲಲ್ಲೇ ನಿಂತಿದ್ದ. ಬೆರಳುಗಳಿಂದ ರಾಸಾಯನಿಕದ ವಾಸನೆ.

“ಬನ್ನಿ ಸಾರ್. ರೀಲ್ ಕಣ್ಣಿನ ಹಾಗೆ ಬಂದಿದೆ. ಇಪ್ಪತ್ನಾಲ್ಕು ಫೋಟೋ.”

ತಂತಿಗೆ ಸಿಕ್ಕಿಸಿದ ಹಸೀ ಫೋಟೋಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲನೆಯದರಲ್ಲಿ ಗೋಡೆಯ ಬಿರುಕು, ಪಕ್ಕದಲ್ಲಿ ಬಿಳೀ ಹಲಗೆ. ದುಂಡಗಿನ ಕನ್ನಡ ಅಕ್ಷರ: ‘ಎಡಗಡೆ, ಹತ್ತಡಿ ಕೆಳಗೆ, ನಾಲ್ಕು ಬೆರಳು.’ ಎರಡನೆಯದರಲ್ಲಿ: ‘ಐದು ಬೆರಳು. ಸಿಮೆಂಟು ಹಾಕಿಲ್ಲ.’ ಮೂರು, ನಾಲ್ಕು, ಐದು... ಒಂದೊಂದರಲ್ಲೂ ಬಿರುಕು ಅಗಲವಾಗುತ್ತ ಹೋಗಿತ್ತು. ಹತ್ತೊಂಬತ್ತನೆಯದರಲ್ಲಿ ದುರ್ಗೇಶ ತನ್ನ ಅಂಗೈಯನ್ನೇ ಪೂರ್ತಿ ಬಿರುಕಿನೊಳಗಿಟ್ಟು ತೋರಿಸಿದ್ದ.

“ಆ ಹಡಬೆ ನನ್ಮಗ,” ಎಂದ ಸುಗತ. “ಇವಿಷ್ಟೇ ಸಾಕು ಮುನಿರಾಜಪ್ಪನಿಗೆ ಬೇಡಿ ಹಾಕ್ಸೋಕೆ.”

“ಮುನಿರಾಜಪ್ಪನ ವಿಷಯ ಆಮೇಲೆ ಸಾರ್.” ಮುನೀರ್ ಕೊನೆಯ ಫೋಟೋ ತಂತಿಯಿಂದ ತೆಗೆಯಲಿಲ್ಲ. ಸುಮ್ಮನೆ ಅದರತ್ತ ಕೈ ತೋರಿಸಿ ಪಕ್ಕಕ್ಕೆ ಸರಿದ. “ಇದರಲ್ಲಿ ಬಿರುಕು ಇಲ್ಲ. ಬರೀ ಹಲಗೆ. ಹಲಗೆ ಓದಲಿ ಅಂತಲೇ ತೆಗೆದಿದಾನೆ.”

ಸುಗತ ಹತ್ತಿರ ಬಗ್ಗಿದ. ದುಂಡಗಿನ ಅಕ್ಷರಗಳು ಇಲ್ಲಿ ಅವಸರಕ್ಕೆ ಬಿದ್ದು ಓರೆಯಾಗಿದ್ದವು. ಹಲಗೆಯ ಅಂಚಿನಲ್ಲಿ ದುರ್ಗೇಶನ ಹೆಬ್ಬೆರಳು. ಅದರ ಪಕ್ಕ, ಬಿಗಿಯಾಗಿ ಮೇಲಕ್ಕೆ ಹೋದ ಹಗ್ಗ.

‘ಮ್ಯಾಲ ಹಗ್ಗ ಹಿಡದಾಂವ ಹಂಪಣ್ಣ ಅಲ್ಲ. ಈ ಜಗ್ಗು ಸೌಂದರ್ಯಾಂದು. ಭಾಳ ಸಿಟ್ಟಿನಾಗ ಅದಾಳ.’

ಎರಡು ಸಲ ಓದಿದ. ಮೂರನೆಯ ಸಲ ಅಕ್ಷರಗಳು ಕಣ್ಣಿಗೆ ನಿಲ್ಲಲಿಲ್ಲ. ತಳದಾಗ ಇದ್ದೇ ಹೇಳ್ತಿದ್ದ, ಅಂದಿದ್ದಳು. ಇದೇ ಅಂಗಡಿಯಲ್ಲಿ, ಇದೇ ಸ್ಟೂಲಿನಲ್ಲಿ ಕೂತು, ಕಣ್ಣೀರು ಒರೆಸಿಕೊಳ್ಳುತ್ತ. ಮುನಿರಾಜಪ್ಪ ಹೇಳಿದ್ದು ನಿಜ. ಆ ನಿಜವನ್ನು ಕೇಳಿಸಿಕೊಳ್ಳಬೇಕಾದ ಅರ್ಧ ಗಂಟೆಯನ್ನು ತಾನು ಬಾಯಿ ಬಡಿದುಕೊಂಡು ಕಳೆದಿದ್ದ. ಈಗ ಅವನ ಸಿಟ್ಟಿಗೆ ಬೇರೆ ಯಾರೂ ಸಿಗಲಿಲ್ಲ, ತಾನೇ ಸಿಕ್ಕಿದ.

ಹಲಗೆ ಸಿಕ್ಕರೆ ಗೊತ್ತಾಗುತ್ತೆ ಅಂತ ಅವಳ ಎದುರಿಗೇ ಹೇಳಿದ್ದು ಯಾರು? ಒಬ್ಬರನ್ನೇ ಬಿಡಬೇಡಿ ಅಂತ ಯಂಕಮ್ಮನನ್ನು ಅವಳ ಜತೆ ಆಟೋ ಹತ್ತಿಸಿದ್ದು ಯಾರು?

“ಫೋನ್! ಫೋನ್ ಕೊಡು ಮುನೀರ್!”

ಯಂಕಮ್ಮನ ಮನೆಯಲ್ಲಿ ಫೋನ್ ಎಲ್ಲಿಂದ ಬರಬೇಕು? ಶೀಟಿನ ಮನೆಗಳ ಒಡತಿ ಚಿಕ್ಕಮುನಿಯಮ್ಮನ ನಂಬರ್ ಮಾತ್ರ ಇತ್ತು. ಸುಗತನ ಬೆರಳು ಎರಡು ಸಲ ತಪ್ಪು ಒತ್ತಿತು. ಮೂರನೆಯ ಸಲ ಗಂಟೆ ಹೋಯಿತು. ಹೋಗುತ್ತಲೇ ಇತ್ತು.

“ಹಲೋ, ಯಾರದು?” ಮುದುಕಿಯ ದನಿ.

“ಅಜ್ಜಿ, ಸುಗತ ಮಾತಾಡ್ತಿರೋದು, ಹಂಪಣ್ಣನ ಕೇಸಿನೋನು. ಯಂಕಮ್ಮ ಇದಾರಾ? ಬೇಗ ಕರೀರಿ!”

“ಯಂಕಮ್ಮನಾ? ಈಗ್ತಾನೇ ಹೋದ್ಲಲ್ಲಪ್ಪಾ. ಆ ಸತ್ತೋದ್ನಲ್ಲ, ಅವನ ತಂಗಿ ಜತೇಲಿ. ಕಲ್ಲುಗುಂಡೀಗೆ.”

“ಯಾಕೆ? ಯಾಕೆ ಹೋದ್ರು?”

“ಅದೇನೋ ಬಿಳೀ ಹಲಗೆಯಂತೆ, ಬಂಡೆ ಸಂದೀಲಿ ಸಿಕ್ಕಾಕ್ಕೊಂಡೈತಂತೆ. ಅದು ಸಿಕ್ರೆ ನನ್ನ ಗಂಡ ಮನೇಗ್ ಬತ್ತಾನೆ ಅಂತ ಕುಣೀತಿದ್ಲು ಪಾಪ. ನಾನು ಬ್ಯಾಡ ಅಂದೆ ಕಣಪ್ಪ. ಅಷ್ಟು ಎತ್ತರದಿಂದ ಹೆಂಗವ್ವಾ ಇಳೀತೀಯಾ, ಈಜು ಬೇರೆ ಬರಾಕಿಲ್ಲ ನಿಂಗೆ ಅಂದೆ.”

“ಆಮೇಲೆ?”

“ಆವಮ್ಮ ಬಲೇ ಒಳ್ಳೇವ್ಳು ಕಣಪ್ಪ,” ಎಂದಳು ಚಿಕ್ಕಮುನಿಯಮ್ಮ. “ಹೆದರ್ಕೋಬ್ಯಾಡಿ ಅಜ್ಜಿ, ಹಗ್ಗ ನಾನೇ ಹಿಡ್ಕೋತೀನಿ ಅಂದ್ಲು.”